ಗಿಡ ವಿನಿಮಯಕ್ಕೆ ಹತ್ತು ವಾರಗಳ ತಯಾರಿ: ಕಡ್ಡಿ ಕತ್ತರಿಸುವುದರಿಂದ ಚೀಟಿ ಬರೆಯುವವರೆಗೆ

‘ಗಿಡ ವಿನಿಮಯಕ್ಕೆ ಹೋಗಬೇಕು, ಏನು ಒಯ್ಯಲಿ?’ ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. ಬರುವುದೂ ಸಾಮಾನ್ಯವಾಗಿ ವಿನಿಮಯಕ್ಕೆ ಒಂದು ವಾರ ಇರುವಾಗ. ಅಷ್ಟು ಹೊತ್ತಿಗೆ ಬೀಜದ ಪೊಟ್ಟಣ ಕಟ್ಟುವುದನ್ನು ಬಿಟ್ಟರೆ ಹೆಚ್ಚೇನೂ ಉಳಿದಿರುವುದಿಲ್ಲ. ಹಿಂದಿನ ರಾತ್ರಿ ಕತ್ತರಿಸಿ ಒದ್ದೆ ಬಟ್ಟೆ ಸುತ್ತಿದ ಕಡ್ಡಿಯನ್ನು ಯಾರೂ ಬೇಡ ಅನ್ನಲಾರರು, ಆದರೆ ಅದು ಗಿಡವಲ್ಲ, ತೆಗೆದುಕೊಂಡವರ ತಲೆಗೆ ಕಟ್ಟಿದ ಕೆಲಸ. ಬೇರು ಬಿಟ್ಟು, ಬಿಸಿಲಿಗೆ ಒಗ್ಗಿ, ಹುಳುವಿಲ್ಲದೆ, ಹೆಸರು ಹೊತ್ತು ನಿಂತ ಗಿಡ ಕೊಡಬೇಕಾದರೆ ದಿನಗಳನ್ನು ಹಿಂದಿನಿಂದ ಎಣಿಸಿಕೊಂಡು ಬರಬೇಕು.

ಎಣಿಕೆ ಹೀಗೆ:

- 10 ವಾರ ಮೊದಲು: ದಾಸವಾಳ, ಮಲ್ಲಿಗೆ, ನಂದಿಬಟ್ಟಲು, ಬೋಗನ್‌ವಿಲ್ಲಾದಂಥ ಗಟ್ಟಿ ಕಾಂಡದವುಗಳ ಕಡ್ಡಿ ನೆಡುವುದು.
- 6ರಿಂದ 8 ವಾರ ಮೊದಲು: ಟೊಮೆಟೊ, ಬದನೆ, ಮೆಣಸಿನಕಾಯಿ ಬಿತ್ತುವುದು. ಮೆಣಸಿನಕಾಯಿ ನಿಧಾನದ್ದು, ಅದನ್ನೇ ಮೊದಲು ಬಿತ್ತಿ.
- 4ರಿಂದ 5 ವಾರ ಮೊದಲು: ದೊಡ್ಡಪತ್ರೆ, ಪುದೀನ, ಕೋಲಿಯಸ್‌ನಂಥ ಮೆತ್ತನೆ ಕಡ್ಡಿಗಳು, ಗುಂಪುಗಿಡ ಬಿಡಿಸುವುದು.
- 3 ವಾರ ಮೊದಲು: ಹುಳುವಿನ ತಪಾಸಣೆ.
- 10 ದಿನ ಮೊದಲು: ಬಿಸಿಲಿಗೆ ಒಗ್ಗಿಸುವುದು.

ಕಡ್ಡಿ ನೆಟ್ಟ ಕುಂಡದ ಮಿಶ್ರಣ 21ರಿಂದ 25 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದಾಗ ಬೇರು ಚುರುಕಾಗಿ ಬರುತ್ತದೆ. ಚಳಿಗಾಲವಾದರೆ ಮೇಲಿನ ಲೆಕ್ಕಕ್ಕೆ ಇನ್ನೆರಡು ಮೂರು ವಾರ ಸೇರಿಸಿಕೊಳ್ಳಿ.

ಹಂತ 1: ಏನು ಕೊಡಬಾರದು ಎಂಬುದನ್ನು ಮೊದಲು ತೀರ್ಮಾನಿಸಿ

ನಿಮ್ಮ ಹಿತ್ತಲಲ್ಲಿ ಯಾವುದು ಹೆಚ್ಚಾಗಿದೆಯೋ ಅದನ್ನು ಕೊಡುವುದು ಸಹಜ. ಆದರೆ ಅಷ್ಟೊಂದು ಹೆಚ್ಚಾದದ್ದು ಯಾಕೆ ಅಂತ ಒಮ್ಮೆ ಕೇಳಿಕೊಳ್ಳಿ. ತುಂಡಾದ ಗಿಣ್ಣಿನಿಂದಲೇ ಬೇರು ಬಿಟ್ಟು ನೆಲವೆಲ್ಲ ಹಬ್ಬುವ ವೆಡೆಲಿಯಾ, ಎಲೆಯಂಚಿನಲ್ಲೇ ನೂರಾರು ಮರಿ ಉದುರಿಸುವ ಕೆಲವು ಕಲಾಂಚೊಗಳು, ಕೆರೆ ಕೊಳಗಳನ್ನು ಮುಚ್ಚಿಬಿಡುವ ವಾಟರ್ ಹಯಸಿಂತ್, ಲಂಟಾನ ಇವನ್ನು ಒಯ್ಯಲೇಬೇಡಿ. ಪುದೀನವೂ ಹಬ್ಬುವ ಜಾತಿಯೇ. ಅದನ್ನು ಕೊಡಬಹುದು, ಆದರೆ ‘ಕುಂಡದಲ್ಲೇ ಬೆಳೆಸಿ’ ಎಂದು ಚೀಟಿಯಲ್ಲಿ ಬರೆಯಿರಿ.

ಎಲೆಯಲ್ಲಿ ಹಳದಿ-ಹಸಿರು ಮಚ್ಚೆ, ಮುರುಟು, ಕುಬ್ಜ ಚಿಗುರು ಕಂಡ ತಾಯಿಗಿಡದಿಂದ ಕಡ್ಡಿ ತೆಗೆಯಬೇಡಿ. ಇವು ಹಲವು ಸಲ ನಂಜುರೋಗದ, ಅಂದರೆ ವೈರಸ್ಸಿನ ಲಕ್ಷಣ. ಅದಕ್ಕೆ ಔಷಧವಿಲ್ಲ, ಕಡ್ಡಿಯ ಜತೆಗೇ ಹೋಗುತ್ತದೆ.

ಕಣಗಿಲೆ, ಉಮ್ಮತ್ತಿ, ಡಿಫೆನ್‌ಬಾಕಿಯಾ, ಗುಲಗಂಜಿ, ಹರಳು ವಿಷದವು. ಕೊಡುವುದಾದರೆ ಚೀಟಿಯಲ್ಲಿ ‘ವಿಷ’ ಅಂತ ಎದ್ದು ಕಾಣುವಂತೆ ಇರಲಿ. ಕೊಂಡ ಗಿಡದ ಜತೆ ಬಂದ ಚೀಟಿಯ ಮೇಲೆ ಪೇಟೆಂಟ್ ಸೂಚನೆ ಇದ್ದರೆ ಅದನ್ನು ಕಡ್ಡಿಯಿಂದ ಹೆಚ್ಚಿಸಿ ಹಂಚುವುದಕ್ಕೆ ಹಲವು ದೇಶಗಳಲ್ಲಿ ಕಾನೂನಿನ ತಡೆ ಇದೆ.

ಹಂತ 2: ಕುಡಿಕೆ ಕುಂಡ ಮಾಡಿಕೊಳ್ಳಿ

ಕಡ್ಡಿಗಳು ಸಾಯುವುದು ಹೆಚ್ಚಾಗಿ ಎರಡೇ ಕಾರಣಕ್ಕೆ: ನೀರು ಹೆಚ್ಚಾಗಿ ಬುಡ ಕೊಳೆಯುತ್ತದೆ, ಇಲ್ಲವೇ ಎರಡು ದಿನ ಮರೆತಾಗ ಒಣಗುತ್ತದೆ. ಎರಡಕ್ಕೂ ಒಂದೇ ಮದ್ದು, ನಡುವೆ ನೀರು ತುಂಬಿದ ಪುಟ್ಟ ಮಣ್ಣಿನ ಕುಡಿಕೆ ಹೂತ ಈ ಕುಂಡ. ಅರ್ಧ ಗಂಟೆಯ ಕೆಲಸ.

ಬೇಕಾದದ್ದು: ಬಾಯಿ 25 ಸೆಂ.ಮೀ. ಅಗಲದ, ತಳದಲ್ಲಿ ತೂತಿರುವ ಪ್ಲಾಸ್ಟಿಕ್ ಕುಂಡ ಒಂದು. 8ರಿಂದ 10 ಸೆಂ.ಮೀ. ಅಗಲದ ಮಣ್ಣಿನ ಕುಡಿಕೆ ಒಂದು; ತೊಳೆದ ಕೋಕೋಪೀಟ್ ಮತ್ತು ದಪ್ಪ ಮರಳು ತಲಾ 3 ಲೀಟರ್; ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲ; ಚೀಲ ಎತ್ತಿ ಹಿಡಿಯಲು 40 ಸೆಂ.ಮೀ. ಉದ್ದದ ಮೂರು ಕಡ್ಡಿ.

ಕೋಕೋಪೀಟ್ ಅಂದರೆ ತೆಂಗಿನ ನಾರಿನ ಪುಡಿ. ಒತ್ತಿ ಮಾಡಿದ 650 ಗ್ರಾಂ ಇಟ್ಟಿಗೆ ನೆನೆದರೆ 8 ಲೀಟರಿನಷ್ಟು ಆಗುತ್ತದೆ. ಇದರಲ್ಲಿ ಉಪ್ಪಿನಂಶ ಇರುತ್ತದೆ. ನೆನೆಸಿ, ಹಿಂಡಿ, ನೀರು ಚೆಲ್ಲುವುದನ್ನು ಮೂರು ಸಲ ಮಾಡಿ. ಸಮುದ್ರದ ಮರಳು ಬೇಡ, ಅದರಲ್ಲೂ ಉಪ್ಪು. ಮಣ್ಣು, ಗೊಬ್ಬರ ಯಾವುದನ್ನೂ ಬೆರೆಸಬೇಡಿ. ಬೇರಿಲ್ಲದ ಕಡ್ಡಿ ಗೊಬ್ಬರ ಉಣ್ಣುವುದಿಲ್ಲ, ಆ ಗೊಬ್ಬರದಲ್ಲಿ ಶಿಲೀಂಧ್ರ ಮಾತ್ರ ಬೆಳೆಯುತ್ತದೆ.

ಕುಡಿಕೆಗೆ ಬಣ್ಣ, ಮೆರುಗು ಏನೂ ಇರಬಾರದು. ಪರೀಕ್ಷೆ ಸುಲಭ: ನೀರು ತುಂಬಿ ಒಂದೆರಡು ಗಂಟೆ ಇಡಿ. ಹೊರಮೈ ಕಪ್ಪಾಗಿ ಒದ್ದೆಯಾಯಿತೋ, ಕೆಲಸಕ್ಕೆ ಬಂತು. ಒಣಗೇ ಇದ್ದರೆ ಬೇರೆ ಹುಡುಕಿ. ತಳದಲ್ಲಿ ತೂತಿರುವ ಪುಟ್ಟ ಮಣ್ಣಿನ ಕುಂಡವೇ ಸಿಕ್ಕಿದರೆ ತೂತನ್ನು ಮೇಣದಿಂದ ಮುಚ್ಚಿ.

ಕೋಕೋಪೀಟ್, ಮರಳು ಬೆರೆಸಿದ ಮಿಶ್ರಣವನ್ನು ದೊಡ್ಡ ಕುಂಡಕ್ಕೆ ತುಂಬಿ, ನಡುವೆ ಕುಡಿಕೆಯನ್ನು ಬಾಯಿ ಮಟ್ಟದವರೆಗೆ ಹೂತು, ಸುತ್ತಲೂ ಬೆರಳಿಂದ ಒತ್ತಿ. ಸಡಿಲ ಬಿಟ್ಟರೆ ಕುಡಿಕೆಗೂ ಮಿಶ್ರಣಕ್ಕೂ ನಡುವೆ ಗಾಳಿ ಉಳಿದು ನೀರು ಹಾಯುವುದಿಲ್ಲ. ಒಮ್ಮೆ ಮೇಲಿನಿಂದ ಚೆನ್ನಾಗಿ ನೀರುಣಿಸಿ, ಬಸಿಯಲು ಬಿಡಿ. ಇನ್ನು ಮುಂದೆ ನೀರು ಹಾಕುವುದು ಕುಡಿಕೆಗೆ ಮಾತ್ರ, ಎರಡು ಮೂರು ದಿನಕ್ಕೊಮ್ಮೆ. ಮಿಶ್ರಣ ಒಣಗಿದಷ್ಟು ನೀರನ್ನು ಮಣ್ಣಿನ ಗೋಡೆಯ ಮೂಲಕ ತಾನೇ ಎಳೆದುಕೊಳ್ಳುತ್ತದೆ. ಕುಡಿಕೆಯ ಸುತ್ತ 4ರಿಂದ 5 ಸೆಂ.ಮೀ.ಗೆ ಒಂದರಂತೆ ಹನ್ನೆರಡು ಕಡ್ಡಿ ಹಿಡಿಯುತ್ತವೆ.

ಹಂತ 3: ಕಡ್ಡಿ ಕತ್ತರಿಸಿ ನೆಡಿ

ಬೆಳಗಿನ ಹೊತ್ತು, ಕಾಂಡದಲ್ಲಿ ನೀರು ತುಂಬಿರುವಾಗ ಕತ್ತರಿಸಿ. ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯ ಅಲಗನ್ನು ಸ್ಪಿರಿಟ್ಟಿನಲ್ಲಿ ಒರೆಸಿ.

1. ಪೆನ್ಸಿಲ್ ದಪ್ಪದ, ಹೂವಿಲ್ಲದ ಕೊಂಬೆ ಆರಿಸಿ. ತೀರಾ ಎಳೆಯದು ಕೊಳೆಯುತ್ತದೆ, ತೀರಾ ಬಲಿತದ್ದು ತಡ ಮಾಡುತ್ತದೆ. ಬಗ್ಗಿಸಿದರೆ ಸ್ವಲ್ಪ ಬಾಗಿ ಆಮೇಲೆ ಚಟ್ಟೆಂದು ಮುರಿಯುವ ಹದ ಸರಿ.
2. 15ರಿಂದ 20 ಸೆಂ.ಮೀ. ಉದ್ದ, ಮೂರು ನಾಲ್ಕು ಗಿಣ್ಣು ಇರಲಿ. ಗಿಣ್ಣು ಅಂದರೆ ಎಲೆ ಹುಟ್ಟುವ ಗಂಟು. ಬೇರು ಸುಲಭವಾಗಿ ಹೊರಡುವುದೂ ಅಲ್ಲಿಂದಲೇ.
3. ಬುಡದ ಕಡೆ ಗಿಣ್ಣಿನ ಕೆಳಗೇ ಓರೆಯಾಗಿ, ತುದಿಯ ಕಡೆ ಗಿಣ್ಣಿನಿಂದ 1 ಸೆಂ.ಮೀ. ಮೇಲೆ ನೇರವಾಗಿ ಕತ್ತರಿಸಿ. ಓರೆ ಯಾವುದು, ನೇರ ಯಾವುದು ಎಂಬುದರಿಂದಲೇ ಮೇಲು ಕೆಳಗು ಗೊತ್ತಾಗುತ್ತದೆ. ಎಲೆ ಕಿತ್ತ ಕಡ್ಡಿಯನ್ನು ತಲೆಕೆಳಗಾಗಿ ನೆಡುವವರು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಜನ.
4. ತುದಿಯ ಎರಡು ಎಲೆ ಬಿಟ್ಟು ಉಳಿದವು ತೆಗೆಯಿರಿ. ಎಲೆ ದೊಡ್ಡದಿದ್ದರೆ ಅಡ್ಡಲಾಗಿ ಅರ್ಧ ಕತ್ತರಿಸಿ, ನೀರು ಆರುವುದು ಕಡಿಮೆಯಾಗುತ್ತದೆ.
5. ಬುಡಕ್ಕೆ ಬೇರು ಬರಿಸುವ ಪುಡಿ ಹಚ್ಚುವುದಿದ್ದರೆ ಹಚ್ಚಿ, ಹೆಚ್ಚಾದದ್ದನ್ನು ಕೊಡವಿ. ದಪ್ಪಗೆ ಮೆತ್ತಿದರೆ ಬುಡ ಸುಡುತ್ತದೆ. ಮೆತ್ತನೆ ಕಡ್ಡಿಗಳಿಗೆ ಇದರ ಅಗತ್ಯವೇ ಇಲ್ಲ.
6. ಬೇರೆ ಕಡ್ಡಿಯಿಂದ ತೂತು ಮಾಡಿ, ಎರಡು ಗಿಣ್ಣು ಒಳಗೆ ಹೋಗುವಂತೆ ಇಟ್ಟು ಒತ್ತಿ.
7. ಚೀಲ ಮುಚ್ಚಿ, ಬೆಳಕಿರುವ ನೆರಳಲ್ಲಿಡಿ. ನೇರ ಬಿಸಿಲು ಬಿದ್ದರೆ ಚೀಲದೊಳಗೆ ಕಡ್ಡಿ ಬೆಂದುಹೋಗುತ್ತದೆ. ಒಳಗೆ ಮಂಜು ಕಟ್ಟಿದರೆ ಒಳ್ಳೆಯದೇ. ಹನಿ ಇಳಿಯುವಷ್ಟಾದರೆ ದಿನಕ್ಕೆ ಹತ್ತು ನಿಮಿಷ ತೆರೆದಿಡಿ.

ಇಲ್ಲಿಂದ ಮುಂದೆ ಕಾಯುವುದೇ ಕೆಲಸ, ತಪ್ಪುವುದೂ ಇಲ್ಲೇ. ಎರಡನೇ ವಾರದಲ್ಲಿ ದಾಸವಾಳ, ಬೋಗನ್‌ವಿಲ್ಲಾ ಕಡ್ಡಿಗಳು ಮುದ್ದಾಗಿ ಚಿಗುರುತ್ತವೆ. ಚಿಗುರು ಬಂತು ಅಂದರೆ ಬೇರು ಬಂತು ಅಂತಲ್ಲ. ಕಾಂಡದಲ್ಲಿ ಕೂಡಿಟ್ಟ ಆಹಾರದಿಂದಲೇ ಆ ಎಲೆಗಳು ಹೊರಟಿರುತ್ತವೆ. ಅದು ಮುಗಿಯುವುದರೊಳಗೆ ಬೇರು ಬರದಿದ್ದರೆ ಒಂದೇ ದಿನದಲ್ಲಿ ಚಿಗುರೆಲ್ಲ ಜೋತು ಬೀಳುತ್ತದೆ. ಈ ಹಂತದಲ್ಲಿ ಚೀಲ ತೆಗೆದವರು, ಕಿತ್ತು ನೋಡಿದವರು ಕಡ್ಡಿ ಕಳೆದುಕೊಳ್ಳುತ್ತಾರೆ. ಗಟ್ಟಿ ಕಾಂಡದ ಕಡ್ಡಿಗಳನ್ನು ಐದನೇ ವಾರದವರೆಗೆ ಮುಟ್ಟಬೇಡಿ. ಆಮೇಲೆ ಎರಡು ಬೆರಳಲ್ಲಿ ಹಿಡಿದು ತೀರಾ ಮೆಲ್ಲಗೆ ಎಳೆದು ನೋಡಿ: ಮಿಶ್ರಣ ಹಿಡಿದುಕೊಂಡಂತೆ ಅನಿಸಿದರೆ ಬೇರು ಬಂದಿದೆ, ಸಲೀಸಾಗಿ ಜಾರಿದರೆ ಮತ್ತೆ ಒತ್ತಿ ಎರಡು ವಾರ ಬಿಡಿ.

ಕೆಲವಕ್ಕೆ ಬೇರೆ ಲೆಕ್ಕ. ಬೋಗನ್‌ವಿಲ್ಲಾದ ಹೊಸ ಬೇರು ಮುಟ್ಟಿದರೆ ಮುರಿಯುವಷ್ಟು ನಾಜೂಕು. ಅದನ್ನು ಗುಂಪಿನಲ್ಲಿ ನೆಡದೆ ಕೊಡಬೇಕೆಂದಿರುವ ಲೋಟದಲ್ಲೇ ಒಂಟಿಯಾಗಿ ನೆಡಿ. ದೇವಕಣಗಿಲೆ, ಯುಫೋರ್ಬಿಯಾ, ಕಳ್ಳಿಜಾತಿಯ ಕಡ್ಡಿಗಳನ್ನು ನೆರಳಲ್ಲಿ ನಾಲ್ಕರಿಂದ ಏಳು ದಿನ ಒಣಗಿಸಿ, ಗಾಯ ಕಟ್ಟಿದ ಮೇಲೆ ನೆಡಬೇಕು. ಇವಕ್ಕೆ ಪ್ಲಾಸ್ಟಿಕ್ ಮುಚ್ಚಿದರೆ ಕೊಳೆಯುವುದು ಖಚಿತ. ಮನಿ ಪ್ಲಾಂಟಿನ ತುಂಡಿಗೆ ಗಿಣ್ಣು ಇರಲೇಬೇಕು. ಬರೀ ಎಲೆ, ತೊಟ್ಟು ನೀರಲ್ಲಿಟ್ಟರೆ ಬೇರು ಬರಬಹುದು, ಬಳ್ಳಿ ಮಾತ್ರ ಹೊರಡದು. ನೀರಲ್ಲಿ ಬೇರು ಬರಿಸುವುದಿದ್ದರೆ ಬೇರು 3ರಿಂದ 5 ಸೆಂ.ಮೀ. ಆದ ಕೂಡಲೇ ಮಿಶ್ರಣಕ್ಕೆ ಹಾಕಿ. ನೀರಲ್ಲೇ ಬಿಟ್ಟು ಬಹಳ ಉದ್ದವಾದ ಬೇರು ಮಣ್ಣಿಗೆ ಒಗ್ಗುವಾಗ ತುಂಬ ಒದ್ದಾಡುತ್ತದೆ.

ಹಂತ 4: ಗುಂಪು ಬಿಡಿಸಿ, ಮರಿ ಬೇರ್ಪಡಿಸಿ

ಲೋಳೆಸರ, ಸ್ಪೈಡರ್ ಪ್ಲಾಂಟ್, ಸ್ನೇಕ್ ಪ್ಲಾಂಟ್, ಲಿಲ್ಲಿಗಳಿಗೆ ಇದೇ ದಾರಿ. ಹಿಂದಿನ ದಿನ ನೀರು ಹಾಕಿ, ಗಿಡವನ್ನು ಕುಂಡದಿಂದ ಹೊರತೆಗೆದು, ಸ್ವಂತ ಬೇರಿರುವ ಮರಿಗಳನ್ನು ಮಾತ್ರ ಬಿಡಿಸಿ. ಲೋಳೆಸರದ ಗಾಯ ಎರಡು ಮೂರು ದಿನ ಒಣಗಲಿ.

ಹಳದಿ ಅಂಚಿನ ಸ್ನೇಕ್ ಪ್ಲಾಂಟನ್ನು ಎಲೆ ತುಂಡರಿಸಿ ಬೆಳೆಸಬೇಡಿ. ಎಲೆಯ ತುಂಡಿನಿಂದ ಬರುವ ಮರಿಗೆ ಆ ಅಂಚು ಇರುವುದಿಲ್ಲ, ಬರೀ ಹಸಿರು ಗಿಡ ಬರುತ್ತದೆ, ಅದೂ ತಿಂಗಳುಗಟ್ಟಲೆ ಕಾದ ಮೇಲೆ. ಅಂಚು ಬೇಕಾದರೆ ಬುಡದ ಮರಿಯನ್ನೇ ಕೊಡಬೇಕು.

ಹಂತ 5: ಬೀಜ

ಜಾಗವಿಲ್ಲದವರಿಗೆ, ತಡವಾಗಿ ಎಚ್ಚೆತ್ತವರಿಗೆ ಬೀಜವೇ ಗತಿ. ಹಾಗಂತ ಡಬ್ಬಿಯಲ್ಲಿದ್ದದ್ದನ್ನೆಲ್ಲ ಪೊಟ್ಟಣ ಕಟ್ಟಬೇಡಿ.

ಎಫ್1 ಎಂದು ಬರೆದ ಬೀಜದಿಂದ ಬೆಳೆದ ಗಿಡದ ಬೀಜ ಬೇಡ. ಎಫ್1 ಅಂದರೆ ಎರಡು ಬೇರೆ ತಳಿ ಕೂಡಿಸಿದ ಮೊದಲ ಪೀಳಿಗೆ; ಅದರ ಮಕ್ಕಳು ಒಂದೊಂದು ಒಂದೊಂದು ಥರ ಆಗುತ್ತವೆ. ಟೊಮೆಟೊ, ಹುರುಳಿಕಾಯಿ ಹೆಚ್ಚಾಗಿ ತಮ್ಮ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ತಳಿ ಉಳಿಯುತ್ತದೆ. ಕುಂಬಳದ ಜಾತಿಯವಕ್ಕೆ ಜೇನು ಅಕ್ಕಪಕ್ಕದ ತೋಟದ ಪರಾಗ ತಂದು ಬೆರೆಸಿರುತ್ತದೆ. ಹಾಗೆ ಬೆರಕೆಯಾದ ಬೀಜದಿಂದ ಕಹಿ ಕಾಯಿ ಬರಬಹುದು. ಕುಂಬಳ, ಸೋರೆ, ಸೌತೆ ಕಹಿಯಿದ್ದರೆ ಅದು ವಿಷದ ಸೂಚನೆ, ತಿನ್ನಬಾರದು. ಹಾಗಾಗಿ ಒಂದೇ ತಳಿ ಬೆಳೆದದ್ದು, ಇಲ್ಲವೇ ಕೈಯಿಂದ ಪರಾಗ ಮುಟ್ಟಿಸಿ ಹೂ ಕಟ್ಟಿಟ್ಟದ್ದು ಅಂತ ಖಾತ್ರಿಯಿದ್ದರೆ ಮಾತ್ರ ಇವುಗಳ ಬೀಜ ಕೊಡಿ.

ಟೊಮೆಟೊ ಬೀಜವನ್ನು ತಿರುಳು ಸಮೇತ ಲೋಟಕ್ಕೆ ಹಾಕಿ, ಅಷ್ಟೇ ನೀರು ಸೇರಿಸಿ ಎರಡು ಮೂರು ದಿನ ಹುಳಿ ಬರಲು ಬಿಡಿ. ಬೀಜದ ಸುತ್ತಲಿನ ಲೋಳೆ ಕರಗುತ್ತದೆ, ಗಟ್ಟಿ ಬೀಜ ತಳಕ್ಕಿಳಿಯುತ್ತದೆ, ಜೊಳ್ಳು ತೇಲುತ್ತದೆ. ಮೂರು ದಿನ ಮೀರಿದರೆ ಲೋಟದಲ್ಲೇ ಮೊಳಕೆ. ತೊಳೆದು ಪಿಂಗಾಣಿ ತಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿ. ಕಾಗದದ ಮೇಲೆ ಹರಡಿದರೆ ಅಂಟಿಕೊಂಡು ಬಿಡಿಸಲಾಗದು.

ಹುರುಳಿಕಾಯಿ, ಅವರೆಯ ಬೀಜಕ್ಕೆ ಉಗುರು ಒತ್ತಿದರೆ ಗುರುತು ಬೀಳಬಾರದು. ಬೀಜದೊಳಗಿನ ತೇವ ಶೇಕಡಾ 1ರಷ್ಟು ಇಳಿದರೂ ಅದರ ಬಾಳಿಕೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬುದು ಬೀಜ ಕೂಡಿಡುವವರ ಹಳೆಯ ಲೆಕ್ಕ. ಪೂರ್ತಿ ಒಣಗದ ಬೀಜವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೂಸಲು ಹಿಡಿಯುತ್ತದೆ; ಕಾಗದದ ಪೊಟ್ಟಣವೇ ಕ್ಷೇಮ.

ಮೂರು ವಾರ ಮೊದಲು ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಹತ್ತು ದಿನದಲ್ಲಿ ಎಷ್ಟು ಮೊಳೆತವು ನೋಡಿ. ‘10ಕ್ಕೆ 8’ ಎಂದು ಪೊಟ್ಟಣದ ಮೇಲೆ ಬರೆಯಿರಿ. ಐದಕ್ಕಿಂತ ಕಡಿಮೆಯಿದ್ದರೆ ಒಯ್ಯಬೇಡಿ. ಈರುಳ್ಳಿ ಬೀಜ ವರ್ಷ ಕಳೆದರೆ ಬಹುಪಾಲು ಸೋಲುತ್ತದೆ, ಟೊಮೆಟೊ ನಾಲ್ಕು ವರ್ಷ ತಾಳುತ್ತದೆ.

ಹಂತ 6: ಲೋಟಕ್ಕೆ ಹಾಕಿ, ಬಿಸಿಲಿಗೆ ಒಗ್ಗಿಸಿ

ಬೇರು ಬಂದದ್ದನ್ನು 8ರಿಂದ 10 ಸೆಂ.ಮೀ.ಯ ಕುಂಡ ಅಥವಾ ಲೋಟಕ್ಕೆ ಹಾಕಿ. ದೊಡ್ಡ ಕುಂಡ ಉದಾರತೆಯಲ್ಲ: ಬೇರು ತಲುಪದ ಮಣ್ಣು ಒದ್ದೆಯಾಗೇ ಉಳಿದು ಕೊಳೆಯುತ್ತದೆ. ಲೋಟದ ತಳದ ಅಂಚಿನಲ್ಲಿ 5 ಮಿ.ಮೀ.ಯ ನಾಲ್ಕೈದು ತೂತು ಬೇಕು. ನಡುವೆ ಒಂದೇ ತೂತು ಮಾಡಿದರೆ ನೆಲಕ್ಕೆ ಅಂಟಿ ಮುಚ್ಚಿಹೋಗುತ್ತದೆ.

ಮಿಶ್ರಣ: ಕೋಕೋಪೀಟ್ 2 ಪಾಲು, ಚೆನ್ನಾಗಿ ಕೊಳೆತ ಕಾಂಪೋಸ್ಟ್ 1 ಪಾಲು, ದಪ್ಪ ಮರಳು 1 ಪಾಲು. ಹಿತ್ತಲ ಮಣ್ಣು ಒಂದು ಹಿಡಿಯೂ ಬೇಡ. ಜೇಕಿನ ಗಡ್ಡೆ, ಬಸವನಹುಳುವಿನ ಮೊಟ್ಟೆ, ಬೇರುಗಂಟಿನ ಹುಳು ಇವೆಲ್ಲ ಊರೂರು ಸುತ್ತುವುದು ಆ ಒಂದು ಹಿಡಿ ಮಣ್ಣಿನಲ್ಲೇ.

ಚೀಲದೊಳಗೆ ಬೆಳೆದ ಎಲೆ ತೆಳು, ಒಮ್ಮೆಲೇ ಹೊರಗಿಟ್ಟರೆ ಬಿಳಿಚಿ ಸುಡುತ್ತದೆ. ಮೊದಲ ಮೂರು ದಿನ ಚೀಲಕ್ಕೆ ದಿನಾ ಒಂದೆರಡು ತೂತು ಹೆಚ್ಚಿಸಿ. ಆಮೇಲೆ ಚೀಲ ತೆಗೆದು ಎರಡು ದಿನ ನೆರಳು. ಮತ್ತೆ ಬೆಳಗಿನ ಬಿಸಿಲು ಒಂದು ಗಂಟೆ, ಎರಡು, ಮೂರು. ನೆರಳಿನ ಗಿಡಗಳಿಗೆ ಬಿಸಿಲಿನ ಭಾಗ ಬೇಡ.

ಹಂತ 7: ಹುಳು ಹುಡುಕಿ

ವಿನಿಮಯದ ದಿನ ಒಂದು ಕೆಟ್ಟ ಲೋಟದ ಹುಳು ಇಪ್ಪತ್ತು ತೋಟಕ್ಕೆ ಹೋಗಬಹುದು. ಆದ್ದರಿಂದ ಈ ಹಂತದಲ್ಲಿ ದಾಕ್ಷಿಣ್ಯ ಬೇಡ.

ಎಲೆಯ ಕೆಳಗೆ ಬಿಳಿ ಹಾಳೆ ಹಿಡಿದು ಎರಡು ಸಲ ತಟ್ಟಿ. ಬಿದ್ದ ಚುಕ್ಕೆಗಳು ಹರಿದಾಡಿದರೆ ನುಸಿ ಅಥವಾ ಥ್ರಿಪ್ಸ್. ಎಲೆ ಕಾಂಡ ಕೂಡುವ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಹಿಟ್ಟುತಿಗಣೆ. ಇರುವೆ ಸಾಲಾಗಿ ಗಿಡ ಹತ್ತುತ್ತಿದ್ದರೆ ಮೇಲೆಲ್ಲೋ ಸಸ್ಯಹೇನೋ ಹಿಟ್ಟುತಿಗಣೆಯೋ ಇದೆ ಅಂತಲೇ ತಿಳಿಯಿರಿ. ಅವು ಸ್ರವಿಸುವ ಸಿಹಿಗೆ ಇರುವೆ ಬರುವುದು.

ಲೋಟ ಬೋರಲಿಸಿ ಬೇರನ್ನೂ ನೋಡಿ. ಟೊಮೆಟೊ, ಬದನೆಯ ಬೇರು ಅಲ್ಲಲ್ಲಿ ಮಣಿಯಂತೆ ಊದಿಕೊಂಡಿದ್ದರೆ ಬೇರುಗಂಟಿನ ಹುಳು: ಗಿಡ, ಮಿಶ್ರಣ ಎರಡನ್ನೂ ಎಸೆಯಿರಿ, ಕಾಂಪೋಸ್ಟಿಗೂ ಬೇಡ. ಆದರೆ ಅವರೆ, ಅಲಸಂದೆಯ ಬೇರಿನ ಗಂಟು ಕಂಡು ಗಾಬರಿಯಾಗಬೇಡಿ. ಉಗುರಿನಿಂದ ತೀಡಿ ನೋಡಿ. ಬೇರಿಗೆ ಹೊರಗಿನಿಂದ ಅಂಟಿದ ಮಣಿಯಂತೆ ಸುಲಭವಾಗಿ ಕಳಚಿ, ಒಡೆದರೆ ಒಳಗೆ ನಸುಗೆಂಪು ಕಂಡರೆ ಅದು ಸಾರಜನಕ ಹಿಡಿದು ಕೊಡುವ ಒಳ್ಳೆಯ ಬ್ಯಾಕ್ಟೀರಿಯಾದ ಮನೆ. ಬೇರೇ ದಪ್ಪವಾಗಿ ಊದಿದ್ದು, ಕಳಚದೆ ಬೇರನ್ನೇ ಹರಿದರೆ ಅದು ಹುಳುವಿನದು.

ಹಿಟ್ಟುತಿಗಣೆ ನಾಲ್ಕೈದು ಇದ್ದರೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದರೆ ಸಾಕು. ಹೆಚ್ಚಿದ್ದರೆ ಬೇವಿನೆಣ್ಣೆ: ಉಗುರುಬೆಚ್ಚಗಿನ 1 ಲೀಟರ್ ನೀರಿಗೆ ಮೊದಲು 1ರಿಂದ 2 ಮಿ.ಲೀ. ದ್ರವ ಸೋಪು, ಆಮೇಲೆ 5 ಮಿ.ಲೀ. ಎಣ್ಣೆ ಹಾಕಿ ಕುಲುಕಿ. ಸೋಪಿಲ್ಲದೆ ಎಣ್ಣೆ ಮೇಲೆ ತೇಲುತ್ತದೆ, ಸಿಂಪಡಿಸಿದಾಗ ಮೊದಲು ಬರೀ ನೀರು, ಕೊನೆಗೆ ಬರೀ ಎಣ್ಣೆ ಬಂದು ಎಲೆ ಸುಡುತ್ತದೆ. ಒಂದು ಎಲೆಯ ಮೇಲೆ ಪರೀಕ್ಷಿಸಿ, ಒಂದು ದಿನ ನೋಡಿ, ಆಮೇಲೆ ಸಂಜೆ ಹೊತ್ತು ಎಲೆಯ ತಳಭಾಗ ತೋಯುವಂತೆ ಹೊಡೆಯಿರಿ. ವಾರಕ್ಕೊಂದರಂತೆ ಮೂರು ಸಲ, ಏಕೆಂದರೆ ಮೊದಲ ಸಲ ಉಳಿದ ಮೊಟ್ಟೆಗಳು ಆಮೇಲೆ ಒಡೆಯುತ್ತವೆ. ಕೊನೆಯ ಸಿಂಪಡಣೆ ವಿನಿಮಯಕ್ಕೆ ನಾಲ್ಕು ದಿನ ಮೊದಲೇ ಮುಗಿಯಲಿ. ಬಂದವರೆಲ್ಲ ದೊಡ್ಡಪತ್ರೆ ಎಲೆ ಚಿವುಟಿ ಮೂಸುತ್ತಾರೆ, ಕೆಲವರು ಬಾಯಿಗೂ ಹಾಕಿಕೊಳ್ಳುತ್ತಾರೆ. ಮೂರು ಸಲವಾದರೂ ಹೋಗದ ಗಿಡ ಮನೆಯಲ್ಲೇ ಇರಲಿ.

ಹಂತ 8: ಚೀಟಿ ಬರೆಯಿರಿ

ಹಳೆಯ ಪ್ಲಾಸ್ಟಿಕ್ ಡಬ್ಬಿಯಿಂದ 1.5 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ, ಮರಳುಕಾಗದದಿಂದ ಒಮ್ಮೆ ಉಜ್ಜಿ, ಪೆನ್ಸಿಲಿನಲ್ಲಿ ಬರೆಯಿರಿ. ಅಳಿಸದ ಶಾಯಿ ಎಂದು ಮಾರುವ ಮಾರ್ಕರ್ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಪೆನ್ಸಿಲ್ ಉಳಿಯುತ್ತದೆ. ಒಂದು ಮಾದರಿ:

ದಾಸವಾಳ, ಕೆಂಪು, ಸುತ್ತು ಎಸಳು. ಕಡ್ಡಿಯಿಂದ, 9 ವಾರದ್ದು. ಪೂರ್ತಿ ಬಿಸಿಲು. ಮೇಲ್ಮಣ್ಣು ಒಣಗಿದಾಗ ನೀರು. 2 ಮೀಟರ್ ಎತ್ತರ.

ತಳಿ ಗೊತ್ತಿಲ್ಲದಿದ್ದರೆ ಊಹಿಸಿ ಬರೆಯಬೇಡಿ, ‘ತಳಿ ಗೊತ್ತಿಲ್ಲ’ ಎಂದೇ ಬರೆಯಿರಿ. ಅರ್ಧ ಪಟ್ಟಿ ಮಣ್ಣಿನೊಳಗೆ ಇಳಿಯಲಿ. ಹೂವಿನ ಗಿಡವಾದರೆ ತಾಯಿಗಿಡದ ಹೂವಿನ ಚಿತ್ರ ಫೋನಿನಲ್ಲಿರಲಿ, ಎಲ್ಲರೂ ಕೇಳುವುದು ಅದನ್ನೇ.

ಹಂತ 9: ಒಯ್ಯುವುದು, ಕೊಡುವುದು

ನೀರು ಹಿಂದಿನ ಸಂಜೆ ಹಾಕಿ, ಅದೇ ಬೆಳಿಗ್ಗೆ ಅಲ್ಲ. ಆಗ ತಾನೇ ನೆನೆದ ಲೋಟ ಭಾರ, ಸೋರುತ್ತದೆ, ಪೆಟ್ಟಿಗೆಯ ತಳ ಒದ್ದೆಯಾಗಿ ಕಳಚುತ್ತದೆ. ಲೋಟಗಳ ನಡುವೆ ಪತ್ರಿಕೆಯ ಉಂಡೆ ತುರುಕಿ ಅಲುಗದಂತೆ ಮಾಡಿ. ಬಾಗಿಲು ಮುಚ್ಚಿದ ವಾಹನದಲ್ಲಿ ಬಿಸಿಲಿಗೆ ಬಿಟ್ಟರೆ ಹತ್ತು ವಾರದ ಶ್ರಮ ಒಂದು ಗಂಟೆಯಲ್ಲಿ ಬೇಯುತ್ತದೆ.

ಎಷ್ಟು ಒಯ್ಯಬೇಕು? ಮೂರು ನಾಲ್ಕು ಬಗೆ, ಒಟ್ಟು ಎಂಟು ಹತ್ತು ಲೋಟ ಸಾಕು. ಒಂದೇ ಬಗೆಯ ಇಪ್ಪತ್ತು ಒಯ್ದರೆ ಹದಿನೈದು ವಾಪಸ್ ಬರುತ್ತವೆ. ನಿಮಗೆ ಬೇಕಾದವುಗಳ ಪಟ್ಟಿಯನ್ನೂ, ಇಡಲು ನಿಮ್ಮಲ್ಲಿರುವ ಜಾಗವನ್ನೂ ಬರೆದುಕೊಂಡು ಹೋಗಿ. ಗಿಡ ತೆಗೆದುಕೊಳ್ಳುವಾಗ ಎರಡು ಪ್ರಶ್ನೆ ತಪ್ಪದೆ ಕೇಳಿ: ಇದು ಹೇಗೆ ಹಬ್ಬುತ್ತದೆ, ಮತ್ತು ನಿಮ್ಮಲ್ಲಿ ಇದಕ್ಕೆ ಎಷ್ಟು ಹೊತ್ತು ಬಿಸಿಲು ಬೀಳುತ್ತಿತ್ತು?

ಹಂತ 10: ತಂದ ಗಿಡವನ್ನು ಮೂರು ವಾರ ದೂರವಿಡಿ

ಎಷ್ಟೇ ಚೆನ್ನಾಗಿ ಕಂಡರೂ ನೇರ ತೋಟಕ್ಕೆ ಸೇರಿಸಬೇಡಿ. ಉಳಿದ ಗಿಡಗಳಿಂದ ಎರಡು ಮೀಟರಾದರೂ ದೂರ, ಕೊಟ್ಟವರು ಹೇಳಿದಷ್ಟೇ ಬಿಸಿಲಿರುವ ಕಡೆ, ಪ್ರತಿಯೊಂದಕ್ಕೂ ಬೇರೆ ತಟ್ಟೆ ಇಟ್ಟು ಇರಿಸಿ. ನೀರು ಹಾಕುವಾಗ ಇವುಗಳ ಸರದಿ ಕೊನೆಗೆ ಬರಲಿ, ಆಮೇಲೆ ಕೈ ತೊಳೆಯಿರಿ. ಬಂದ ದಿನವೇ ಕುಂಡ ಬದಲಿಸುವ ಆತುರ ಬೇಡ, ಗೊಬ್ಬರವೂ ಬೇಡ. ಒಂದೆರಡು ಎಲೆ ಹಳದಿಯಾಗಿ ಉದುರುವುದು ಜಾಗ ಬದಲಾದದ್ದಕ್ಕೆ, ಅದನ್ನು ನೋಡಿ ಹೆಚ್ಚು ನೀರು ಸುರಿದರೆ ಗಿಡ ಹೋಗುತ್ತದೆ. ವಾರಕ್ಕೊಮ್ಮೆ ಬಿಳಿ ಹಾಳೆ ಹಿಡಿದು ಎಲೆ ತಟ್ಟಿ. ಮೂರನೇ ವಾರವೂ ಹಾಳೆಯ ಮೇಲೆ ಏನೂ ಹರಿದಾಡದಿದ್ದರೆ ಲೋಟದಿಂದ ತೆಗೆದು ಬೇರು ನೋಡಿ, ಕುಂಡಕ್ಕೆ ಹಾಕಿ, ಉಳಿದವುಗಳ ಸಾಲಿಗೆ ಸೇರಿಸಿ.